‘ಸ್ವಲ್ಪ ವ್ಯಾಯಾಮ ಮಾಡು, ಸರಿಹೋಗುತ್ತೆ’: ಕ್ಲಸ್ಟರ್ ತಲೆನೋವಿನವರಿಗೆ ಈ ಮಾತು ಯಾಕೆ ಸಾಲದು

ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ನನಗೊಬ್ಬ ರೂಮ್‌ಮೇಟ್ ಇದ್ದ. ದಸರಾ ರಜೆ ಮುಗಿಸಿ ಬಂದ ಮೇಲೆ ಅವನಿಗೊಂದು ವಿಚಿತ್ರ ಕಾಟ ಶುರುವಾಯ್ತು. ರಾತ್ರಿ ಒಂದೂವರೆ, ಎರಡು ಗಂಟೆಗೆ ದಡಕ್ಕನೆ ಎದ್ದು ಕೂರೋನು. ಬಲಗಣ್ಣು ಕೆಂಪಾಗಿ ನೀರು ಸುರೀತಿತ್ತು, ಬಲಗಡೆಯ ಮೂಗು ಕಟ್ಟಿರ್ತಿತ್ತು. ಎರಡು ನಿಮಿಷ ಹಾಸಿಗೆ ಮೇಲೆ ಮುಂದಕ್ಕೂ ಹಿಂದಕ್ಕೂ ತೂಗಾಡಿ, ಆಮೇಲೆ ಹೊರಗೆ ಹೋಗಿ ಮೆಟ್ಟಿಲು ಹತ್ತಿ ಇಳಿಯೋಕೆ ಶುರು. ನಾಲ್ಕು ಮಹಡಿ ಮೇಲಕ್ಕೆ, ನಾಲ್ಕು ಮಹಡಿ ಕೆಳಕ್ಕೆ. ಮುಕ್ಕಾಲು ಗಂಟೆ ಆದಮೇಲೆ ಬೆವರಿನಲ್ಲಿ ತೊಯ್ದು ಬಂದು, ಏನೂ ಆಗಿಲ್ಲವೇನೋ ಅನ್ನುವ ಹಾಗೆ ಮಲಗಿಬಿಡೋನು.

ವಾರ್ಡನ್‌ಗೆ ಅದು ಡ್ರಗ್ಸ್ ಇರಬಹುದು ಅಂತ ಅನುಮಾನ. ನಮಗೆ ಯಾವುದೋ ಹುಡುಗಿ ಕೈಕೊಟ್ಟಿರಬಹುದು ಅಂತ. ಊರಲ್ಲಿದ್ದ ಅವರಮ್ಮನಿಗೆ ಅದು ಪಿತ್ತ. ಒಬ್ಬ ಡಾಕ್ಟರ್ ಸೈನಸ್ ಅಂದರು, ಇನ್ನೊಬ್ಬರು ಹಲ್ಲು ಕಿತ್ತರು, ಮತ್ತೊಬ್ಬರು ಕನ್ನಡಕ ಬರೆದುಕೊಟ್ಟರು. ಎಲ್ಲರೂ ಕೊನೆಗೆ ಹೇಳಿದ್ದು ಮಾತ್ರ ಒಂದೇ: ‘ಟೆನ್ಷನ್ ಕಡಿಮೆ ಮಾಡ್ಕೋ, ಬೆಳಿಗ್ಗೆ ಎದ್ದು ಸ್ವಲ್ಪ ವ್ಯಾಯಾಮ ಮಾಡು.’

ಅದು ಕ್ಲಸ್ಟರ್ ತಲೆನೋವು ಅಂತ ಒಬ್ಬ ನ್ಯೂರಾಲಜಿಸ್ಟ್ ಹೆಸರಿಟ್ಟಿದ್ದು ಆರು ವರ್ಷ ಆದಮೇಲೆ. ಆಗ ಅವನನ್ನು ಕೇಳಿದ್ದೆ, ‘ಆ ಮೆಟ್ಟಿಲು ಹತ್ತೋದು ಯಾಕೆ?’ ಅಂತ. ‘ಹತ್ತಿದ್ರೆ ಕೆಲವು ಸಲ ಬೇಗ ಇಳೀತಿತ್ತು ಮಗಾ. ಕೆಲವು ಸಲ ಏನೂ ಆಗ್ತಿರಲಿಲ್ಲ. ಆದ್ರೆ ಆ ಎರಡು ತಿಂಗಳಲ್ಲಿ ಸಂಜೆ ಫುಟ್‌ಬಾಲ್ ಆಡಿ, ಬಿಸಿನೀರು ಹುಯ್ಕೊಂಡು ಬಂದು ಕೂತ್ರೆ ಮಾತ್ರ ಗ್ಯಾರಂಟಿ ಬರೋದು’ ಅಂದ.

ಒಂದೇ ದೇಹ, ಒಂದೇ ಕಾಯಿಲೆ. ಮೈ ದಣಿಸಿದರೆ ಒಮ್ಮೆ ನೋವು ಇಳಿಯುತ್ತೆ, ಇನ್ನೊಮ್ಮೆ ನೋವು ಏಳುತ್ತೆ. ಈ ವಿರೋಧಾಭಾಸವನ್ನು ಬಿಡಿಸಿಕೊಳ್ಳದೆ ‘ವ್ಯಾಯಾಮ ಮಾಡು’ ಅಂತ ಸಲಹೆ ಕೊಡೋದರಲ್ಲಿ ಅರ್ಥವಿಲ್ಲ. ಹಾಗೇ, ‘ವ್ಯಾಯಾಮದ ಸಹವಾಸವೇ ಬೇಡ’ ಅನ್ನೋದರಲ್ಲೂ ಇಲ್ಲ.

ಮೊದಲು, ಇದು ಯಾವ ತಲೆನೋವು?

ಕ್ಲಸ್ಟರ್ ಅಂದರೆ ಗೊಂಚಲು. ಈ ನೋವು ಗೊಂಚಲು ಗೊಂಚಲಾಗಿ ಬರುತ್ತೆ, ಅದಕ್ಕೇ ಆ ಹೆಸರು. ವಾರಗಟ್ಟಲೆ ಅಥವಾ ತಿಂಗಳುಗಟ್ಟಲೆ ಅಟ್ಯಾಕ್‌ಗಳ ಒಂದು ಸರಣಿ. ಆಮೇಲೆ ತಿಂಗಳುಗಳೋ ವರ್ಷಗಳೋ ಪೂರ್ತಿ ಬಿಡುವು. ಈ ಸರಣಿಯನ್ನು ಈ ಲೇಖನದಲ್ಲಿ ‘ಸರದಿ’ ಅಂತ ಕರೆಯೋಣ. ಹತ್ತರಲ್ಲಿ ಒಬ್ಬರಿಗೋ ಸ್ವಲ್ಪ ಹೆಚ್ಚು ಮಂದಿಗೋ ಈ ಬಿಡುವೂ ಸಿಗುವುದಿಲ್ಲ. ಅದನ್ನು ಕ್ರಾನಿಕ್ ಅಂತಾರೆ.

ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದ ಪ್ರಕಾರ ಒಂದು ಅಟ್ಯಾಕ್ 15 ನಿಮಿಷದಿಂದ 180 ನಿಮಿಷದವರೆಗೆ ಇರುತ್ತೆ. ಎರಡು ದಿನಕ್ಕೊಮ್ಮೆಯಿಂದ ಹಿಡಿದು ದಿನಕ್ಕೆ ಎಂಟು ಸಲದವರೆಗೂ ಬರಬಹುದು. ನೋವು ಒಂದೇ ಪಕ್ಕ, ಕಣ್ಣಿನ ಸುತ್ತ ಅಥವಾ ಕಪಾಲದಲ್ಲಿ. ಅದೇ ಪಕ್ಕದ ಕಣ್ಣು ಕೆಂಪಾಗುತ್ತೆ, ನೀರು ಬರುತ್ತೆ, ರೆಪ್ಪೆ ಜೋತುಬೀಳುತ್ತೆ, ಮೂಗು ಕಟ್ಟುತ್ತೆ ಅಥವಾ ಸೋರುತ್ತೆ.

ಮೈಗ್ರೇನ್ ಬಂದವರು ಕತ್ತಲು ಕೋಣೆಯಲ್ಲಿ ಅಲ್ಲಾಡದೆ ಮಲಗಲು ಬಯಸ್ತಾರೆ. ಕ್ಲಸ್ಟರ್ ಬಂದವರಿಗೆ ಮಲಗೋಕೆ ಆಗೋದೇ ಇಲ್ಲ. ಓಡಾಡ್ತಾರೆ, ತೂಗಾಡ್ತಾರೆ, ತಲೆ ಒತ್ತಿಹಿಡೀತಾರೆ. ಈ ಚಡಪಡಿಕೆ ರೋಗ ಪತ್ತೆಯ ಮಾನದಂಡದಲ್ಲೇ ಬರೆದಿರುವ ಲಕ್ಷಣ. ಅಂದರೆ ನನ್ನ ಗೆಳೆಯನ ಮೆಟ್ಟಿಲು ಹತ್ತುವ ‘ಹುಚ್ಚಾಟ’ವೇ ಅವನ ಕಾಯಿಲೆಯ ಗುರುತಾಗಿತ್ತು. ಅದನ್ನು ಓದಲು ಬರುವವರು ಸಿಗಲಿಲ್ಲ ಅಷ್ಟೆ.

ಸಾವಿರದಲ್ಲಿ ಸುಮಾರು ಒಬ್ಬರಿಗೆ ಜೀವನದಲ್ಲಿ ಯಾವಾಗಲಾದರೂ ಇದು ಬರುತ್ತೆ ಅನ್ನೋದು ಅಧ್ಯಯನಗಳ ಅಂದಾಜು. ಗಂಡಸರಲ್ಲಿ ಹೆಚ್ಚು ಅನ್ನೋದು ನಿಜ, ಆದರೆ ಇದು ಗಂಡಸರದ್ದೇ ಕಾಯಿಲೆ ಅನ್ನುವ ಹಳೆಯ ನಂಬಿಕೆಯಿಂದಾಗಿ ಎಷ್ಟೋ ಹೆಂಗಸರಿಗೆ ಮೈಗ್ರೇನ್ ಅಂತ ಚೀಟಿ ಬರೆದು ಕಳಿಸಲಾಗಿದೆ. ನೋವಿನ ಪ್ರಮಾಣ ಎಷ್ಟು? 2021ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ 1,600ಕ್ಕೂ ಹೆಚ್ಚು ರೋಗಿಗಳು ಇದಕ್ಕೆ 10ಕ್ಕೆ ಸರಾಸರಿ 9.7 ಅಂಕ ಕೊಟ್ಟರು. ಅದೇ ಸಮೀಕ್ಷೆಯಲ್ಲಿ ಹೆರಿಗೆ ನೋವಿಗೆ ಸಿಕ್ಕಿದ್ದು 7.2, ಮೂತ್ರಪಿಂಡದ ಕಲ್ಲಿನ ನೋವಿಗೆ 6.9. ಇಂಥವರಿಗೆ ‘ಬೆಳಿಗ್ಗೆ ಎದ್ದು ವಾಕಿಂಗ್ ಹೋಗು’ ಅನ್ನುವ ಮಾತು ಹೇಗೆ ಕೇಳಿಸಬಹುದು, ಯೋಚಿಸಿ.

ಸಲಹೆ ಬಂದಿದ್ದು ಮೈಗ್ರೇನ್‌ನಿಂದ

ಈ ಸಲಹೆ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಮೈಗ್ರೇನ್ ವಿಷಯದಲ್ಲಿ ವ್ಯಾಯಾಮಕ್ಕೆ ಪುರಾವೆ ಇದೆ. 2011ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಅಧ್ಯಯನದಲ್ಲಿ 91 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಮೂರು ಸಲ 40 ನಿಮಿಷದ ವ್ಯಾಯಾಮ, ಇನ್ನೊಂದಕ್ಕೆ ರಿಲ್ಯಾಕ್ಸೇಶನ್ ಅಭ್ಯಾಸ, ಮೂರನೆಯದಕ್ಕೆ ಟೋಪಿರಾಮೇಟ್ ಮಾತ್ರೆ. ಮೂರೂ ಗುಂಪಿನಲ್ಲಿ ಮೈಗ್ರೇನ್ ಕಡಿಮೆಯಾಯ್ತು, ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಳ್ಳೆಯ ಸುದ್ದಿಯೇ.

ಆದರೆ ಕ್ಲಸ್ಟರ್ ತಲೆನೋವಿನಲ್ಲಿ ಈ ಬಗೆಯ ದೊಡ್ಡ ಪ್ರಯೋಗ ನಡೆದೇ ಇಲ್ಲ. ನಮ್ಮ ಹತ್ತಿರ ಇರೋದು ರೋಗಿಗಳ ಅನುಭವ, ಡಾಕ್ಟರುಗಳ ಸಣ್ಣ ಸಣ್ಣ ವರದಿ, ಮತ್ತು ಕಾಯಿಲೆಯ ಒಳಗಿನ ಕೆಲಸದ ಬಗ್ಗೆ ಗೊತ್ತಿರುವ ಸಂಗತಿಗಳು. ಮೈಗ್ರೇನ್‌ನ ಪುರಾವೆಯನ್ನು ಎತ್ತಿ ಇಲ್ಲಿಗೆ ಅಂಟಿಸೋಕೆ ಬರೋದಿಲ್ಲ. ಎರಡೂ ತಲೆಯಲ್ಲೇ ನೋಯುತ್ತವೆ ಅನ್ನುವ ಒಂದೇ ಕಾರಣಕ್ಕೆ ಎರಡಕ್ಕೂ ಒಂದೇ ಮದ್ದು ಅನ್ನೋದು, ಎರಡೂ ಗಾಡಿಗೆ ಚಕ್ರ ಇದೆ ಅಂತ ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿದ ಹಾಗೆ.

ಒಳಗೆ ಏನಾಗುತ್ತೆ

ಕ್ಲಸ್ಟರ್ ತಲೆನೋವಿನ ದೊಡ್ಡ ಸುಳಿವು ಅದರ ಟೈಮಿಂಗ್. ಸುಮಾರು 70 ಪ್ರತಿಶತ ರೋಗಿಗಳಲ್ಲಿ ಅಟ್ಯಾಕ್‌ಗೆ ದಿನದ ಗಡಿಯಾರವಿದೆ ಅಂತ 2023ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆ ಹೇಳುತ್ತೆ. ಅದರಲ್ಲಿ ಹೆಚ್ಚಿನ ಅಟ್ಯಾಕ್‌ಗಳು ಬರೋದು ರಾತ್ರಿ 9ರಿಂದ ಬೆಳಗಿನ ಜಾವ 3ರ ಒಳಗೆ. ಬಹಳ ಜನಕ್ಕೆ ಸರದಿಯೇ ವರ್ಷದ ಒಂದು ನಿರ್ದಿಷ್ಟ ಕಾಲದಲ್ಲಿ ಶುರುವಾಗುತ್ತೆ. ನನ್ನ ಗೆಳೆಯನ ದಸರಾ ಲೆಕ್ಕ ಇದಕ್ಕೆ ಹೊಂದುತ್ತೆ.

ದೇಹದ ಗಡಿಯಾರ ಇರೋದು ಮೆದುಳಿನ ತಳಭಾಗದ ಹೈಪೋಥಲಾಮಸ್‌ನಲ್ಲಿ. ಅಟ್ಯಾಕ್ ನಡೆಯುತ್ತಿರುವಾಗಲೇ ತೆಗೆದ ಪೆಟ್ ಸ್ಕ್ಯಾನ್‌ಗಳಲ್ಲಿ ಹೈಪೋಥಲಾಮಸ್‌ನ ಹಿಂಭಾಗ ಚುರುಕಾಗಿರೋದನ್ನು ಲಂಡನ್ನಿನ ಸಂಶೋಧಕರು 1998ರಲ್ಲಿ ತೋರಿಸಿದರು. ಇದರ ಜೊತೆಗೆ ಮುಖದ ಸಂವೇದನೆ ಹೊರುವ ಟ್ರೈಜೆಮಿನಲ್ ನರ ಉರಿದೇಳುತ್ತೆ. ಆ ನರದಿಂದ ಪ್ಯಾರಾಸಿಂಪಥೆಟಿಕ್ ವ್ಯವಸ್ಥೆಗೆ, ಅಂದರೆ ಕಣ್ಣೀರು, ಸಿಂಬಳ, ರಕ್ತನಾಳ ಹಿಗ್ಗುವಿಕೆ ನೋಡಿಕೊಳ್ಳುವ ನರಜಾಲಕ್ಕೆ, ಒಂದು ನೇರ ಕೊಂಡಿ ಇದೆ. ಕಣ್ಣು ಕೆಂಪಾಗಿ ನೀರು ಸುರಿಯೋದು ಅದರಿಂದಲೇ. ಸೈನಸ್ ಅಂತ ಡಾಕ್ಟರುಗಳು ಮೋಸಹೋಗೋದೂ ಅಲ್ಲೇ.

ಈಗ ವ್ಯಾಯಾಮಕ್ಕೆ ಬನ್ನಿ. ಜೋರಾಗಿ ಮೈ ದಣಿಸಿದಾಗ ದೇಹ ಸಿಂಪಥೆಟಿಕ್ ಕಡೆಗೆ ವಾಲುತ್ತೆ: ಹೃದಯ ಬಡಿತ ಏರುತ್ತೆ, ರಕ್ತದೊತ್ತಡ ಏರುತ್ತೆ, ಅಡ್ರಿನಲಿನ್ ಹರಿಯುತ್ತೆ, ಉಸಿರಾಟ ಜೋರಾಗುತ್ತೆ. ಅಟ್ಯಾಕ್‌ನ ಮೊದಲ ನಿಮಿಷಗಳಲ್ಲೇ ಮೆಟ್ಟಿಲು ಹತ್ತಿದರೆ, ಸ್ಕಿಪ್ಪಿಂಗ್ ಮಾಡಿದರೆ, ಪುಷ್‌ಅಪ್ ಹೊಡೆದರೆ ನೋವು ತಗ್ಗಿತು ಅನ್ನುವ ರೋಗಿಗಳ ಅನುಭವಕ್ಕೆ ಇದು ಒಂದು ಸಂಭಾವ್ಯ ವಿವರಣೆ. ಒಂದು ಕಡೆ ಪ್ಯಾರಾಸಿಂಪಥೆಟಿಕ್ ಉಕ್ಕುತ್ತಿರುವಾಗ ಇನ್ನೊಂದು ಕಡೆಯಿಂದ ಎಳೆದ ಹಾಗೆ. ಇದು ವಿವರಣೆಯೇ ಹೊರತು ಸಾಬೀತಾದ ಚಿಕಿತ್ಸೆಯಲ್ಲ. ಕೆಲವರಿಗೆ ಕೆಲಸ ಮಾಡುತ್ತೆ, ಹಲವರಿಗೆ ಇಲ್ಲ. ಅದೇ ವ್ಯಕ್ತಿಗೂ ಇವತ್ತು ಆಗಿದ್ದು ನಾಳೆ ಆಗಲಿಕ್ಕಿಲ್ಲ.

ಹಾಗಾದರೆ ಅದೇ ವ್ಯಾಯಾಮ ಟ್ರಿಗರ್ ಆಗೋದು ಹೇಗೆ? ಇಲ್ಲಿ ಶಂಕಿತರು ಇಬ್ಬರು. ಒಂದು, ಮೈ ಶಾಖ. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬ್ಲಾವ್ ಮತ್ತು ಎಂಗೆಲ್ ಎಂಬ ಇಬ್ಬರು ವೈದ್ಯರು ಮೈ ಬಿಸಿಯೇರುವುದೇ ಕ್ಲಸ್ಟರ್ ಅಟ್ಯಾಕ್‌ಗೆ ಪ್ರಚೋದನೆ ಆಗಬಹುದು ಅಂತ ವರದಿ ಮಾಡಿದರು. ಸೆಕೆ, ಬಿಸಿನೀರ ಸ್ನಾನ, ವ್ಯಾಯಾಮ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಎರಡು, ವ್ಯಾಯಾಮ ಮುಗಿದ ನಂತರದ ವಿಶ್ರಾಂತಿ. ದಣಿದು ಕೂತಾಗ ದೇಹ ಮತ್ತೆ ಪ್ಯಾರಾಸಿಂಪಥೆಟಿಕ್ ಕಡೆಗೆ ಮರಳುತ್ತೆ, ರಕ್ತನಾಳಗಳು ಹಿಗ್ಗಿರುತ್ತವೆ. ಓಡುವಾಗ ಚೆನ್ನಾಗಿದ್ದೆ, ಬಂದು ಸೋಫಾ ಮೇಲೆ ಒರಗಿದ ಕೂಡಲೇ ಹಿಡಿದುಕೊಳ್ತು ಅನ್ನುವವರ ಕಥೆಗೆ ಇದು ಕಾರಣ ಇರಬಹುದು. ಗೆಳೆಯನ ಫುಟ್‌ಬಾಲ್, ಬಿಸಿನೀರು, ಆಮೇಲೆ ಕೂರೋದು: ಮೂರೂ ಸಾಲಾಗಿ ನಿಂತಿವೆ ನೋಡಿ.

ಅದೇ ಇನ್‌ಪುಟ್, ಬೇರೆ ಸ್ಥಿತಿ

ಇಂಜಿನಿಯರಿಂಗ್‌ನಲ್ಲಿ ನಾನು ಕಲಿತು ಮರೆಯದೇ ಉಳಿದಿರೋ ಕೆಲವೇ ಪಾಠಗಳಲ್ಲಿ ಒಂದು ಇದು: ಯಂತ್ರಕ್ಕೆ ಒಂದೇ ಇನ್‌ಪುಟ್ ಕೊಟ್ಟರೂ ಔಟ್‌ಪುಟ್ ಒಂದೇ ಬರಬೇಕಿಲ್ಲ. ಯಂತ್ರ ಆ ಹೊತ್ತಿಗೆ ಯಾವ ಸ್ಥಿತಿಯಲ್ಲಿದೆ ಅನ್ನೋದರ ಮೇಲೆ ಅದು ನಿಂತಿರುತ್ತೆ. ಕ್ಲಸ್ಟರ್ ತಲೆನೋವು ಅಂಥದ್ದೇ. ಮದ್ಯವನ್ನೇ ನೋಡಿ. ಸರದಿ ನಡೆಯುತ್ತಿರುವಾಗ ಒಂದು ಗ್ಲಾಸ್ ಬಿಯರ್ ಕೂಡ ಅಟ್ಯಾಕ್ ಎಬ್ಬಿಸಬಹುದು. ಬಿಡುವಿನ ತಿಂಗಳುಗಳಲ್ಲಿ ಅದೇ ಬಿಯರ್‌ನಿಂದ ತಲೆನೋವು ಬರೋದಿಲ್ಲ. ಟ್ರಿಗರ್‌ಗಳು ಗುಂಡಿನ ಹಾಗೆ. ಬಂದೂಕು ಲೋಡ್ ಆಗಿರೋದು ಸರದಿಯಲ್ಲಿ ಮಾತ್ರ.

ವ್ಯಾಯಾಮವನ್ನೂ ಹೀಗೇ ಸ್ಥಿತಿಗಳಾಗಿ ಒಡೆದು ನೋಡಬೇಕು.

ಬಿಡುವಿನ ಕಾಲದಲ್ಲಿ: ಯಾವ ನಿರ್ಬಂಧವೂ ಬೇಕಿಲ್ಲ. ಓಡಿ, ಈಜಿ, ಕಬಡ್ಡಿ ಆಡಿ, ಭಾರ ಎತ್ತಿ. ಬೇರೆಯವರಿಗೆ ಅನ್ವಯಿಸುವ ಎಚ್ಚರಿಕೆಗಳೇ ನಿಮಗೂ.

ಸರದಿಯ ಕಾಲದಲ್ಲಿ, ಅಟ್ಯಾಕ್ ಇಲ್ಲದಾಗ: ಪೂರ್ತಿ ನಿಲ್ಲಿಸಬೇಕಿಲ್ಲ, ಆದರೆ ಶಾಖದ ಮೇಲೆ ಕಣ್ಣಿರಲಿ. ಬೇಸಿಗೆಯ ಮಧ್ಯಾಹ್ನಕ್ಕಿಂತ ಬೆಳಗಿನ ತಂಪು ಒಳ್ಳೆಯದು. ಗಾಳಿಯಾಡದ ಜಿಮ್‌ಗಿಂತ ಮೈದಾನ ಒಳ್ಳೆಯದು. ಮುಗಿಸುವಾಗ ಥಟ್ಟನೆ ನಿಲ್ಲಿಸಬೇಡಿ. ಹತ್ತು ಹದಿನೈದು ನಿಮಿಷ ನಿಧಾನಕ್ಕೆ ನಡೆದು ಮೈ ತಣಿಸಿ. ಸುಡುನೀರಿನ ಸ್ನಾನದ ಬದಲು ಉಗುರುಬೆಚ್ಚಗಿನ ಅಥವಾ ತಣ್ಣೀರು. ವ್ಯಾಯಾಮ ಮುಗಿಸಿ ಮಧ್ಯಾಹ್ನ ಒಂದು ಗಡದ್ದು ನಿದ್ದೆ ಹೊಡೆಯೋದು ಸರದಿಯ ಸಮಯದಲ್ಲಿ ಕೆಲವರಿಗೆ ದುಬಾರಿ ಬೀಳುತ್ತೆ, ಯಾಕಂದರೆ ಅಂಥ ನಿದ್ದೆಯಿಂದಲೇ ಅಟ್ಯಾಕ್ ಬರೋದುಂಟು.

ಅಟ್ಯಾಕ್ ಶುರುವಾದಾಗ: ಮೊದಲ ಕೆಲಸ ಡಾಕ್ಟರ್ ಬರೆದುಕೊಟ್ಟ ಆಕ್ಸಿಜನ್ ಅಥವಾ ಇಂಜೆಕ್ಷನ್. ಮೆಟ್ಟಿಲು ಹತ್ತಿದರೆ ನಿಮಗೆ ಹಿಂದೆ ಉಪಯೋಗವಾಗಿದ್ದರೆ, ಹೃದಯದ ತೊಂದರೆ ಇಲ್ಲದಿದ್ದರೆ, ಹತ್ತಿ. ಆದರೆ ಅದನ್ನು ನಂಬಿ ಮದ್ದನ್ನು ತಡಮಾಡಬೇಡಿ. ಕ್ಲಸ್ಟರ್ ಮದ್ದುಗಳೆಲ್ಲ ಬೇಗ ಕೊಟ್ಟಷ್ಟೂ ಚೆನ್ನಾಗಿ ಕೆಲಸ ಮಾಡೋದು.

ಜಿಮ್‌ಗೆ ಹೋಗುವವರಿಗೆ ಇನ್ನೊಂದು ಮಾತು. ನೈಟ್ರೋಗ್ಲಿಸರಿನ್ ಕೊಟ್ಟು ಕ್ಲಸ್ಟರ್ ಅಟ್ಯಾಕ್ ಬರಿಸಬಹುದು ಅನ್ನೋದು 1960ರ ದಶಕದಿಂದಲೂ ಗೊತ್ತು. ಸಂಶೋಧಕರು ಪ್ರಯೋಗಾಲಯದಲ್ಲಿ ಮಾಡೋದೇ ಅದನ್ನು. ಅದು ದೇಹದಲ್ಲಿ ಕೆಲಸ ಮಾಡೋದು ನೈಟ್ರಿಕ್ ಆಕ್ಸೈಡ್ ಮೂಲಕ. ಈಗ ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತೆ ಅಂತ ಜಾಹೀರಾತು ಮಾಡಿಕೊಂಡು ಮಾರುವ ಪ್ರೀ-ವರ್ಕೌಟ್ ಪುಡಿಗಳಿವೆ. ಅವುಗಳಿಂದ ಅಟ್ಯಾಕ್ ಬರುತ್ತೆ ಅಂತ ಸಾಬೀತಾಗಿಲ್ಲ. ಆದರೂ ಸರದಿ ನಡೆಯುವಾಗ ಆ ಡಬ್ಬಿಯನ್ನು ಮುಚ್ಚಿಡೋದರಿಂದ ಕಳೆದುಕೊಳ್ಳೋದೇನೂ ಇಲ್ಲ.

ಜಿಮ್ ಟ್ರೈನರ್‌ಗೆ ಗೊತ್ತಿರದ ಸಂಗತಿ: ಮಾತ್ರೆಗಳು

ವ್ಯಾಯಾಮ ಮತ್ತು ಕ್ಲಸ್ಟರ್ ಬಗ್ಗೆ ಮಾತಾಡುವಾಗ ಎಲ್ಲರೂ ಮರೆಯೋದು ಔಷಧಿಗಳನ್ನು. ನಿಜವಾದ ಅಪಾಯ ಹೆಚ್ಚಾಗಿ ಇಲ್ಲಿದೆ.

ವೆರಾಪಮಿಲ್: ಸರದಿ ತಡೆಯೋಕೆ ಮೊದಲು ಬರೆಯುವ ಮಾತ್ರೆ. ಇದು ಹೃದಯದ ಬಡಿತವನ್ನು ನಿಧಾನಗೊಳಿಸುತ್ತೆ, ಒಳಗಿನ ವಿದ್ಯುತ್ ಸಂಕೇತವನ್ನೂ ತಡಮಾಡುತ್ತೆ. ಕ್ಲಸ್ಟರ್‌ಗೆ ದೊಡ್ಡ ಡೋಸ್ ಬೇಕಾಗುವ ಕಾರಣ ಡೋಸ್ ಏರಿಸುವ ಮುಂಚೆ ಇಸಿಜಿ ತೆಗೆಸಬೇಕು. ಇದನ್ನು ನುಂಗುತ್ತಿರುವವರು ಸ್ಮಾರ್ಟ್‌ವಾಚ್ ಹೇಳುವ ‘ಟಾರ್ಗೆಟ್ ಹಾರ್ಟ್ ರೇಟ್’ ಮುಟ್ಟಲು ಒದ್ದಾಡಬಾರದು. ಆ ಲೆಕ್ಕ ನಿಮಗೆ ಹಾಕಿದ್ದಲ್ಲ. ಮಾತಾಡುತ್ತಾ ಮಾಡಲು ಆಗುತ್ತಾ, ಆಗೋದಿಲ್ವಾ ಅನ್ನೋದೇ ಒಳ್ಳೆಯ ಅಳತೆ. ತಲೆ ಸುತ್ತಿದರೆ, ಕಣ್ಣು ಕತ್ತಲೆ ಬಂದರೆ ನಿಲ್ಲಿಸಿ ಡಾಕ್ಟರ್‌ಗೆ ಹೇಳಿ.

ಲಿಥಿಯಂ: ಕ್ರಾನಿಕ್ ರೋಗಿಗಳಿಗೆ ಕೊಡುವುದುಂಟು. ಉಪಯೋಗಕ್ಕೂ ವಿಷವಾಗುವುದಕ್ಕೂ ನಡುವಿನ ಅಂತರ ಇದರಲ್ಲಿ ಕಡಿಮೆ. ದೇಹದಲ್ಲಿ ನೀರು, ಉಪ್ಪು ಇಳಿದರೆ ರಕ್ತದಲ್ಲಿ ಲಿಥಿಯಂ ಏರಬಹುದು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಬೆವರು ಹರಿಸಿ ನೀರು ಕುಡಿಯದೆ ಇದ್ದರೆ ಅಪಾಯ. ಮೈಕೈ ನೋವಿಗೆ ಅಂತ ಐಬುಪ್ರೊಫೇನ್ ನುಂಗಿದರೆ ಅದೂ ಲಿಥಿಯಂ ಪ್ರಮಾಣವನ್ನು ಏರಿಸುತ್ತೆ. ಕೈ ಜೋರಾಗಿ ನಡುಗೋದು, ವಾಂತಿ, ಭೇದಿ, ನಾಲಿಗೆ ತೊದಲೋದು ಕಂಡರೆ ಕಾಯಬಾರದು.

ಟೋಪಿರಾಮೇಟ್: ಬೆವರನ್ನು ಕಡಿಮೆ ಮಾಡಬಲ್ಲದು. ಬೆವರದ ದೇಹ ತಣಿಯೋದಿಲ್ಲ. ಅಂದರೆ ಯಾವ ಶಾಖವನ್ನು ತಪ್ಪಿಸಬೇಕೋ ಅದೇ ಒಳಗೆ ಉಳಿಯುತ್ತೆ.

ಸುಮಾಟ್ರಿಪ್ಟಾನ್: ಅಟ್ಯಾಕ್ ನಿಲ್ಲಿಸುವ ಇಂಜೆಕ್ಷನ್. ರಕ್ತನಾಳಗಳನ್ನು ಕುಗ್ಗಿಸುವ ಕಾರಣ ಹೃದಯದ ರಕ್ತನಾಳದ ಕಾಯಿಲೆ ಇರುವವರಿಗೆ ಕೊಡುವ ಹಾಗಿಲ್ಲ. ತೆಗೆದುಕೊಂಡ ಮೇಲೆ ಎದೆ ಬಿಗಿತ ಅನ್ನಿಸುವುದುಂಟು. ಆ ಹೊತ್ತಿನಲ್ಲಿ ಓಡೋದು, ಭಾರ ಎತ್ತೋದು ಬೇಡ.

ವ್ಯಾಯಾಮದ ಪರವಾಗಿ ನನಗೆ ಕಾಣುವ ಗಟ್ಟಿ ವಾದವೂ ಇಲ್ಲೇ ಇದೆ. ಕ್ಲಸ್ಟರ್ ರೋಗಿಗಳಲ್ಲಿ ಸಿಗರೇಟ್ ಸೇದುವವರ ಪ್ರಮಾಣ ಹೆಚ್ಚು ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ವಯಸ್ಸಾದ ಮೇಲೆ ಹೃದಯ ಕೆಟ್ಟರೆ ಟ್ರಿಪ್ಟಾನ್ ಬಾಗಿಲು ಮುಚ್ಚುತ್ತೆ, ವೆರಾಪಮಿಲ್ ಕಷ್ಟವಾಗುತ್ತೆ. ಅಂದರೆ ಬಿಡುವಿನ ತಿಂಗಳುಗಳಲ್ಲಿ ಮಾಡುವ ವ್ಯಾಯಾಮ ತಲೆನೋವನ್ನು ವಾಸಿ ಮಾಡೋದಿಲ್ಲ. ಮುಂದಿನ ಸರದಿ ಬಂದಾಗ ಮದ್ದು ತಡೆದುಕೊಳ್ಳುವ ಹೃದಯವನ್ನು ಉಳಿಸಿಕೊಡುತ್ತೆ. ಇದನ್ನು ಯಾವ ರೋಗಿಗಾದರೂ ಮುಖ ನೋಡಿ ಹೇಳಬಹುದು. ಅದರಲ್ಲಿ ಸುಳ್ಳು ಭರವಸೆ ಇಲ್ಲ.

ಒಂದು ಎಚ್ಚರಿಕೆ

ಮೈ ದಣಿಸಿದಾಗ ಬರುವ ತಲೆನೋವೆಲ್ಲ ಕ್ಲಸ್ಟರ್ ಅಲ್ಲ. ಓಡುವಾಗಲೋ ಭಾರ ಎತ್ತುವಾಗಲೋ ಸಿಡಿಲು ಬಡಿದ ಹಾಗೆ ಕ್ಷಣದಲ್ಲಿ ತೀವ್ರ ತಲೆನೋವು ಬಂದರೆ, ಕುತ್ತಿಗೆ ಬಿಗಿದರೆ, ಪ್ರಜ್ಞೆ ಮಂಕಾದರೆ, ಕೈಕಾಲು ಸೋತರೆ ಅದು ಮೆದುಳಿನ ರಕ್ತಸ್ರಾವ ಇರಬಹುದು. ನಡೆದಾಗ ಬಂದು ನಿಂತಾಗ ಹೋಗುವ ತಲೆನೋವು, ಅದರಲ್ಲೂ ನಡುವಯಸ್ಸು ದಾಟಿದವರಲ್ಲಿ, ಅಪರೂಪಕ್ಕೆ ಹೃದಯದ ಸಂಕೇತ ಆಗಿರುತ್ತೆ. ‘ನನಗೆ ಹೇಗೂ ಕ್ಲಸ್ಟರ್ ಇದೆ’ ಅಂತ ಸುಮ್ಮನಿರಬೇಡಿ. ಹೊಸ ಬಗೆಯ ನೋವು ಅಂದರೆ ಹೊಸ ತಪಾಸಣೆ.

ಸಲಹೆ ಪುಕ್ಕಟೆ, ಆಕ್ಸಿಜನ್ ಅಲ್ಲ

ಈಗ ಅಸಲಿ ಪ್ರಶ್ನೆ. ಈ ಕಾಯಿಲೆಗೆ ಪುರಾವೆ ಇರುವ ಸುರಕ್ಷಿತ ಚಿಕಿತ್ಸೆ ಇಲ್ಲವಾ? ಇದೆ. 2009ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ, ನಿಮಿಷಕ್ಕೆ 12 ಲೀಟರ್‌ನಂತೆ ಶುದ್ಧ ಆಕ್ಸಿಜನ್ ಮಾಸ್ಕ್‌ನಲ್ಲಿ ಕೊಟ್ಟಾಗ 78 ಪ್ರತಿಶತ ಅಟ್ಯಾಕ್‌ಗಳಲ್ಲಿ 15 ನಿಮಿಷದೊಳಗೆ ನೋವು ಹೋಯಿತು ಅಥವಾ ಸಾಕಷ್ಟು ಇಳಿಯಿತು. ಬರೀ ಗಾಳಿ ಕೊಟ್ಟಾಗ 20 ಪ್ರತಿಶತ ಮಾತ್ರ. ಬ್ರಿಟನ್ನಿನ ನೈಸ್ ಮಾರ್ಗಸೂಚಿ 2012ರಿಂದಲೇ ರೋಗಿಯ ಮನೆಗೆ ಆಕ್ಸಿಜನ್ ವ್ಯವಸ್ಥೆ ಮಾಡಿ ಅಂತ ಹೇಳ್ತಿದೆ. ಅಮೆರಿಕದ ಮೆಡಿಕೇರ್ ವಿಮೆ ಕ್ಲಸ್ಟರ್‌ಗೆ ಮನೆ ಆಕ್ಸಿಜನ್ ಕೊಡಲು ವರ್ಷಗಟ್ಟಲೆ ಒಪ್ಪಿರಲಿಲ್ಲ. ಆ ನಿರ್ಬಂಧ ತೆಗೆದಿದ್ದು 2021ರ ಸೆಪ್ಟೆಂಬರ್‌ನಲ್ಲಿ.

ನಮ್ಮಲ್ಲಿ? ಒಂದು ಸರಳ ಲೆಕ್ಕ ಹಾಕೋಣ. ನಿಮಿಷಕ್ಕೆ 12ರಿಂದ 15 ಲೀಟರ್, 15 ನಿಮಿಷ ಅಂದರೆ ಒಂದು ಅಟ್ಯಾಕ್‌ಗೆ 180ರಿಂದ 225 ಲೀಟರ್. ನಾವು ಆಂಬುಲೆನ್ಸ್‌ಗಳಲ್ಲಿ ನೋಡುವ ಬಿ ಟೈಪ್ ಸಿಲಿಂಡರ್‌ನಲ್ಲಿ ಇರೋದು ಸುಮಾರು 1,500 ಲೀಟರ್. ಆರರಿಂದ ಎಂಟು ಅಟ್ಯಾಕ್‌ಗೆ ಖಾಲಿ. ದಿನಕ್ಕೆ ಎರಡು ಅಟ್ಯಾಕ್ ಬರುವವರಿಗೆ ಮೂರ್ನಾಲ್ಕು ದಿನಕ್ಕೊಂದು ಸಿಲಿಂಡರ್, ಎರಡು ತಿಂಗಳ ಸರದಿಗೆ ಹದಿನೈದರಿಂದ ಇಪ್ಪತ್ತು. ಕೋವಿಡ್ ಕಾಲದಲ್ಲಿ ಕೊಂಡು ಅಟ್ಟದ ಮೇಲೆ ಇಟ್ಟಿರುವ ಕಾನ್ಸಂಟ್ರೇಟರ್ ಇದೆಯಲ್ಲ ಅಂತೀರಾ? ಅವು ಸಾಮಾನ್ಯವಾಗಿ ನಿಮಿಷಕ್ಕೆ 5 ಅಥವಾ 10 ಲೀಟರ್ ಕೊಡುವಂಥವು. ಕ್ಲಸ್ಟರ್‌ಗೆ ಬೇಕಾದ ಹರಿವು ಅದರಲ್ಲಿ ಬರೋದಿಲ್ಲ. ಜೊತೆಗೆ ಚೀಲ ಇರುವ ನಾನ್-ರೀಬ್ರೀದರ್ ಮಾಸ್ಕೇ ಬೇಕು, ಮೂಗಿನ ನಳಿಕೆ ಸಾಲದು. ಸಿಲಿಂಡರ್ ಇರುವ ಕೋಣೆಯಲ್ಲಿ ಬೀಡಿ, ಸಿಗರೇಟ್, ಒಲೆ ಯಾವುದೂ ಇರಬಾರದು.

ನಮ್ಮ ಆರೋಗ್ಯ ವಿಮೆಗಳು ಬಹುಮಟ್ಟಿಗೆ ಆಸ್ಪತ್ರೆಗೆ ದಾಖಲಾದವರ ಖರ್ಚಿನ ಸುತ್ತಲೇ ಕಟ್ಟಿದವು. ರಾತ್ರಿ ಎರಡಕ್ಕೆ ಬಂದು ಮೂರಕ್ಕೆ ಹೋಗುವ ನೋವು ಯಾವ ವಾರ್ಡಿನ ದಾಖಲೆಗೂ ಸಿಗೋದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿ ದೀರ್ಘಕಾಲದ ನರರೋಗಗಳಿಗೆ ಉದಾಹರಣೆಯಾಗಿ ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್ಸ್ ಹೆಸರಿಸುತ್ತೆ; ತಲೆನೋವಿನ ಹೆಸರು ಅಲ್ಲಿಲ್ಲ. ಆಫೀಸಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಕೆಂಗಣ್ಣಿಟ್ಟುಕೊಂಡು ಬಂದವನಿಗೆ ಸಿಗೋದು ಎಚ್‌ಆರ್ ವಿಭಾಗದ ‘ಹತ್ತು ಸಾವಿರ ಹೆಜ್ಜೆ ಚಾಲೆಂಜ್’ನ ಮೇಲ್.

ಇಲ್ಲೇ ನನಗೆ ‘ವ್ಯಾಯಾಮ ಮಾಡು’ ಅನ್ನುವ ಮಾತಿನ ರಾಜಕೀಯ ಕಾಣೋದು. ಆ ಸಲಹೆ ಕೊಡೋಕೆ ಯಾರಿಗೂ ಪೈಸೆ ಖರ್ಚಿಲ್ಲ. ಸರ್ಕಾರಕ್ಕೆ ಬಜೆಟ್ ಬೇಡ, ವಿಮೆಗೆ ಕ್ಲೇಮ್ ಬೇಡ, ಕಂಪನಿಗೆ ರಜೆಯ ನೀತಿ ಬೇಡ. ಗುಣವಾಗದಿದ್ದರೆ ತಪ್ಪು ರೋಗಿಯದ್ದೇ: ‘ನೀನು ಸರಿಯಾಗಿ ಮಾಡಲಿಲ್ಲ.’ ವ್ಯವಸ್ಥೆ ಕೊಡಬೇಕಾದ ಸಿಲಿಂಡರ್‌ನ ಜಾಗದಲ್ಲಿ ವ್ಯಕ್ತಿಯ ಶಿಸ್ತನ್ನು ಕೂರಿಸೋದು ಸುಲಭ. ಆಕ್ಸಿಜನ್ ಯಾರಿಗೆ ಯಾವಾಗ ಸಿಗುತ್ತೆ ಅನ್ನೋದು ಆಡಳಿತದ ಪ್ರಶ್ನೆ ಅಂತ 2021ರ ಮೇ ತಿಂಗಳಲ್ಲಿ ಚಾಮರಾಜನಗರ ನಮಗೆ ಕಲಿಸಿದೆ. ಆ ಪಾಠ ಕೋವಿಡ್ ಜೊತೆ ಮುಗಿಯಬಾರದು.

ಕೇಳಬೇಕಾದ್ದು ದೊಡ್ಡ ಬೇಡಿಕೆಗಳೇನಲ್ಲ. ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ‘ನೋವು ಬಂದಾಗ ಮಲಗ್ತೀರೋ, ಓಡಾಡ್ತೀರೋ?’ ಅನ್ನುವ ಒಂದು ಪ್ರಶ್ನೆ ಕೇಳಲಿ. ಎಷ್ಟೋ ಹಲ್ಲುಗಳು ಉಳಿದಾವು. ತುರ್ತು ಚಿಕಿತ್ಸಾ ಘಟಕದಲ್ಲಿ ಈಗಾಗಲೇ ಇರುವ ಆಕ್ಸಿಜನ್ನನ್ನು ಕ್ಲಸ್ಟರ್ ಅಟ್ಯಾಕ್ ಬಂದವರಿಗೆ ಸಾಲಿನಲ್ಲಿ ನಿಲ್ಲಿಸದೆ ಕೊಡಲಿ. ಸರದಿಯ ವಾರಗಳಿಗೆ ಮನೆಗೆ ಸಿಲಿಂಡರ್ ಬಾಡಿಗೆ ತಂದರೆ ಅದರ ಖರ್ಚು ವಿಮೆಯಲ್ಲಿ ಬರಲಿ.

ಈ ಕಾಯಿಲೆಯನ್ನು ಇಂಗ್ಲಿಷಿನಲ್ಲಿ ‘ಆತ್ಮಹತ್ಯೆಯ ತಲೆನೋವು’ ಅಂತಲೂ ಕರೆದಿದ್ದಾರೆ. ಸುಮ್ಮನೆ ಇಟ್ಟ ಹೆಸರಲ್ಲ ಅದು. ನಿಮಗೋ ನಿಮ್ಮವರಿಗೋ ಅಂಥ ಯೋಚನೆ ಬರ್ತಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಗೆಳೆಯ ಈಗಲೂ ಫುಟ್‌ಬಾಲ್ ಆಡ್ತಾನೆ. ವರ್ಷದಲ್ಲಿ ಹತ್ತು ತಿಂಗಳು. ಸೆಪ್ಟೆಂಬರ್ ಕೊನೆಗೆ ಬೂಟು ತೊಳೆದು ಎತ್ತಿಟ್ಟು, ಇಸಿಜಿ ಮಾಡಿಸಿಕೊಂಡು, ಸಿಲಿಂಡರ್ ಅಂಗಡಿಗೆ ಫೋನ್ ಮಾಡ್ತಾನೆ. ಆ ಎರಡು ತಿಂಗಳು ಬೆಳಿಗ್ಗೆ ಬರೀ ನಡಿಗೆ. ಕಳೆದ ಸಲ ಅವನ ಮನೆಯಲ್ಲಿ ಉಳಿದಿದ್ದೆ. ರಾತ್ರಿ ಎರಡಕ್ಕೆ ಎಚ್ಚರವಾಯ್ತು. ಹಾಲ್‌ನಲ್ಲಿ ಮಾಸ್ಕ್ ಹಾಕಿಕೊಂಡು, ಮೊಣಕಾಲ ಮೇಲೆ ಮೊಣಕೈ ಊರಿ ಕೂತಿದ್ದ. ಹೆಂಡತಿ ಪಕ್ಕದಲ್ಲಿ ಗಡಿಯಾರ ನೋಡ್ತಾ ಕೂತಿದ್ದರು. ಹದಿನಾಲ್ಕು ನಿಮಿಷಕ್ಕೆ ಮಾಸ್ಕ್ ತೆಗೆದು, ‘ಹೋಯ್ತು’ ಅಂದ. ಆ ರಾತ್ರಿ ಅವನು ಮೆಟ್ಟಿಲು ಹತ್ತಬೇಕಾಗಲಿಲ್ಲ.